ಹೆಣ್ಣಿಲಿಗೆ ಹೊದಿಸಿದ ಕಂಬಳಿ

ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತ ಬಂಗಾರಪ್ಪನಿಗೆ ಒಳಗೆ ಹೋಗಬೇಕೋ ಹಿಂದೆ ಸರಿಯಬೇಕೋ ತಿಳಿಯಲಿಲ್ಲ. ಗೋಡೆಯ ಮೇಲೆ ಬೆಳಕಿನ ಚೌಕ ಬಿದ್ದಿತ್ತು. ಅದರಲ್ಲಿ ಎರಡು ಗೆರೆ. ನೀಲಿ ಗೆರೆ ಕೆಳಗೆ ಬಿದ್ದದ್ದು ಬಿದ್ದೇ ಇತ್ತು. ಕೆಂಪು ಗೆರೆ ಬಿದ್ದ ಹಾಗೆ ಮಾಡಿ ಮರುದಿನವೇ ಎದ್ದು ನಿಂತಿತ್ತು. ಪಕ್ಕದಲ್ಲಿ ನಿಂತು ಗೀತಾಂಜಲಿ ವಿವರಿಸುತ್ತಿದ್ದಳು.

"ನೀಲಿ ಗಂಡಿಲಿ, ಕೆಂಪು ಹೆಣ್ಣಿಲಿ ಸರ್. ಸೂಜಿ ಎರಡಕ್ಕೂ ಅಷ್ಟೇ ಪ್ರಮಾಣ. ಗಂಡು ಮೂರು ದಿನ ಆದ್ರೂ ಮಂಕಾಗೇ ಇದ್ವು. ಹೆಣ್ಣು ಒಂದೇ ದಿನದಾಗ ಚೇತರಿಸಿಕೊಂಡ್ವು. ಮೆದುಳಿನ ರಸನೂ ಹಂಗೇ, ಗಂಡಿನಾಗ ಕುಸದೈತಿ, ಹೆಣ್ಣಿನಾಗ ಸರಿಯಾಗೈತಿ."

ತಟ್ಟೆಯಲ್ಲಿದ್ದ ಕಪ್ಪುಗಳು ಕಟಕಟ ಅಂದವು. "ಯಾಕ ಅಲ್ಲೇ ನಿಂತಿ, ಬಾರಪ್ಪ" ಎಂದರು ಪ್ರಾಚಾರ್ಯ ಶಿವಯೋಗಪ್ಪನವರು. ಬಂಗಾರಪ್ಪ ಚಹಾ ಇಟ್ಟ. ಆ ಕೆಂಪು ಗೆರೆಯನ್ನು ಎತ್ತಿ ನಿಲ್ಲಿಸಿದ್ದು ಯಾರೆಂಬುದು ಆ ಕೋಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಹರಪನಹಳ್ಳಿ ದಾಟಿ ಕೊಟ್ಟೂರ ಕಡೆ ಹೊರಟರೆ ಮೆಕ್ಕೆಜೋಳದ ಹೊಲಗಳ ನಡುವೆ ಈ ಫಾರ್ಮಸಿ ಕಾಲೇಜು. ಅದರ ಹಿತ್ತಿಲಲ್ಲಿ ಕಿಟಕಿಯೇ ತೆರೆಯದ ಒಂದು ಸಣ್ಣ ಕಟ್ಟಡ. ಬೋರ್ಡಿನ ಮೇಲೆ ಉದ್ದನೆಯ ಹೆಸರೇನೋ ಇದೆ, ಜನ ಕರೆಯುವುದು ಇಲಿಮನೆ ಎಂದೇ. ಒಳಗೆ ಪೆಟ್ಟಿಗೆಗಳಲ್ಲಿ ಬಿಳಿ ಇಲಿಗಳು, ಅವಕ್ಕೆ ಹಗಲೂ ರಾತ್ರಿ ಎ.ಸಿ. ಆ ಮನೆಯ ಬೀಗದ ಕೈ ಏಳು ವರ್ಷದಿಂದ ಬಂಗಾರಪ್ಪನ ಉಡಿದಾರದಲ್ಲಿತ್ತು.

ಅದಕ್ಕೆ ಮುಂಚೆ ಅವನು ಕುರಿ ಕಾಯ್ದವನು. ಅಪ್ಪ, ಅಜ್ಜ ಎಲ್ಲರೂ ಕುರಿಯ ಹಿಂದೆಯೇ ಸವೆದವರು. ಮೊಣಕಾಲು ಸೋತ ಮೇಲೆ ಹಿಂಡನ್ನು ತಮ್ಮನಿಗೆ ಬಿಟ್ಟು ಇಲ್ಲಿಗೆ ಬಂದ. ಇಲಿಯ ಚಾಕರಿ ಎಂದು ಮೂಗು ಮುರಿಯುವವರು ಒಂದು ದಿನ ಬಂದು ಮಾಡಿ ನೋಡಲಿ! ಹೊಟ್ಟು ಬದಲಿಸಬೇಕು, ನೀರಿನ ಬಾಟಲಿ ತೊಳೆಯಬೇಕು, ಒಂದೊಂದನ್ನೂ ಎತ್ತಿ ತೂಕ ಮಾಡಬೇಕು, ಅದೂ ಕಚ್ಚಿಸಿಕೊಳ್ಳದೆ. ಹೊಸಬರ ಕೈಗೆ ಉಚ್ಚೆ ಹೊಯ್ದು ಒದ್ದಾಡುವ ಇಲಿ ಬಂಗಾರಪ್ಪನ ಅಂಗೈಯಲ್ಲಿ ಸುಮ್ಮನೆ ಕೂರುತ್ತಿತ್ತು. ಅವನಿಗೂ ಆ ಕೆಲಸ ಬಿಟ್ಟರೆ ಬೇರೆ ಜಗತ್ತಿರಲಿಲ್ಲ.

ಅಲ್ಲಿ ಕಟ್ಟಪ್ಪಣೆ ಒಂದೇ. ಹೇಳಿದ್ದಕ್ಕಿಂತ ಹೆಚ್ಚು ಮಾಡಬಾರದು, ಕಡಿಮೆಯೂ ಮಾಡಬಾರದು. ಅವನಿಗಿಂತ ಮುಂಚೆ ಅಲ್ಲಿದ್ದ ಎರ್ರೆಪ್ಪ ತಾನು ತಿನ್ನುತ್ತಿದ್ದ ಮಂಡಕ್ಕಿಯಲ್ಲಿ ನಾಲ್ಕು ಕಾಳು ಇಲಿಗಳಿಗೆ ಹಾಕಿದ್ದ, ಪಾಪ, ಪ್ರೀತಿಗೆ. ಅದು ಗೊತ್ತಾದ ದಿನವೇ ಪ್ರಾಚಾರ್ಯರು ಬೀಗದ ಕೈ ಇಸಿದುಕೊಂಡು ಅವನನ್ನು ಮನೆಗೆ ಕಳಿಸಿದರು. ಬಂಗಾರಪ್ಪನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಈ ಕಥೆಯನ್ನು ಮೊದಲು ಹೇಳಿಯೇ.

ಇನ್ನು ಗೀತಾಂಜಲಿ. ಹಡಗಲಿಯ ಹುಡುಗಿ, ಮೂರು ವರ್ಷದಿಂದ ಇಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಮಲ್ಲಿಗೆ ಮುಡಿಯದೆ ಮನೆ ಬಿಡದವಳು, ಇಲಿಮನೆಯ ಬಾಗಿಲಿಗೆ ಬಂದ ಕೂಡಲೇ ಹೂವು ತೆಗೆದು ಹೊರಗಿನ ಮೊಳೆಗೆ ಸಿಕ್ಕಿಸುತ್ತಿದ್ದಳು. ವಾಸನೆ ಬಿದ್ದರೂ ಇಲಿಯ ನಡತೆ ಬದಲಾಗುತ್ತದಂತೆ. ಅಂಥ ಶಿಸ್ತಿನವಳು. ಕೆಲಸ ಶುರುಮಾಡುವ ಮುಂಚೆ ಮೆಟ್ಟಿಲ ಮೇಲೆ ಕೂತು ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಳು.

"ಬಂಗಾರಪ್ಪಣ್ಣ, ಜ್ವರ ಬಂದಾಗ ಊಟ ಬ್ಯಾಡ, ಮಾತು ಬ್ಯಾಡ, ಮೂಲ್ಯಾಗ ಮುದುರಿ ಬಿದ್ಕಬೇಕು ಅನಸ್ತೈತಲ್ಲ, ಅದು ಬರೇ ಮೈಯಾಗಿನ ಆಟ ಅಲ್ಲ. ಮೈ ರೋಗದ ಕೂಡ ಹೊಡದಾಡಾಕ ನಿಂತ್ರ ಆ ಸುದ್ದಿ ಮೆದುಳಿಗೆ ಮುಟ್ಟತೈತಿ. ಅಲ್ಲಿನ ರಸಗಳು ಏರುಪೇರಾಗ್ತಾವ. ಅದು ಗಂಡಿಗೂ ಹೆಣ್ಣಿಗೂ ಒಂದೇ ತರ ಆಗತೈತೋ ಬ್ಯಾರೆ ಬ್ಯಾರೆನೋ ಅಂತ ನಾನು ನೋಡಾಕಿ. ಇಷ್ಟು ವರ್ಷ ಹೆಚ್ಚು ಪಾಲು ಗಂಡಿಲಿ ಮ್ಯಾಲೇ ನೋಡಿ, ಅದನ್ನೇ ಹೆಣ್ಮಕ್ಕಳಿಗೂ ಹಚ್ಚಿಬಿಟ್ಟಾರ."

ಸೂಜಿಯಲ್ಲಿ ಇರುವುದು ಜೀವಂತ ರೋಗಾಣುವಲ್ಲ, ಸತ್ತ ರೋಗಾಣುವಿನ ಸಿಪ್ಪೆ ಮಾತ್ರ. ಮೈ ಮೋಸಹೋಗಿ ರೋಗವೇ ಬಂತೆಂದು ಎದ್ದು ನಿಲ್ಲುತ್ತದೆ. ಇಲಿ ಮುದುರುತ್ತದೆ, ಕೂದಲು ನಿಮಿರುತ್ತದೆ, ಅತ್ತಿತ್ತ ಓಡುವುದಿಲ್ಲ. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಸಕ್ಕರೆ ನೀರು ಇಟ್ಟರೆ ಸಕ್ಕರೆಯ ಕಡೆಗೂ ತಿರುಗುವುದಿಲ್ಲ. ಸಿಹಿಯೂ ಬೇಡವಾಯಿತು ಎಂದರೆ ಜೀವ ಮಂಕಾಯಿತು ಎಂದರ್ಥ. ಒಟ್ಟು ನಲವತ್ತೆಂಟು ಇಲಿ. ಎಡಗಡೆಯ ರ‍್ಯಾಕಿನಲ್ಲಿ ಇಪ್ಪತ್ನಾಲ್ಕು ಹೆಣ್ಣು, ಬಲಗಡೆಯ ರ‍್ಯಾಕಿನಲ್ಲಿ ಇಪ್ಪತ್ನಾಲ್ಕು ಗಂಡು. ನಾಲ್ಕನೇ ದಿನ ಅವನ್ನು ಮುಗಿಸಿ ಮೆದುಳು ತೆಗೆದು ರಸ ಅಳೆಯುವುದು. ಅದಕ್ಕೆ ಬಲಿ ಎಂದೇ ಹೆಸರು, ಓದಿದವರ ಬಾಯಲ್ಲೂ.

ಆಗ ಜನವರಿ. ಮೊದಲ ದಿನ ಸೂಜಿ ಹಾಕಿ, ಬರೆದುಕೊಳ್ಳುವುದನ್ನು ಬರೆದುಕೊಂಡು, ಐದೂವರೆಗೆ ಗೀತಾಂಜಲಿ ಬಸ್ಸಿಗೆ ಹೋದಳು. ಬಂಗಾರಪ್ಪ ಬೀಗ ಹಾಕಲು ಬಂದವನು ಎಡಗಡೆಯ ರ‍್ಯಾಕಿನ ಮುಂದೆ ನಿಂತ. ಹೆಣ್ಣಿಲಿಗಳು ಮುದ್ದೆಯಾಗಿ ಕೂತು ಗಡಗಡ ನಡುಗುತ್ತಿದ್ದವು. ಮೇಲಿಂದ ಆ ಹಾಳು ಎ.ಸಿ. ಸುರಿಯುತ್ತಿತ್ತು. ಕುರಿಯವನ ಕೈ ಸುಮ್ಮನಿದ್ದೀತೇ? ಹಿಂಡಿಗೆ ಚಳಿಜ್ವರ ಬಂದರೆ ಅವನ ಮನೆಯಲ್ಲಿ ಹೆಣ್ಣು ಕುರಿಗಳನ್ನು ಬೇರೆ ಮಾಡಿ, ಬೆಚ್ಚನೆಯ ಮೂಲೆಗೆ ಹಾಕಿ, ಕಂಬಳಿ ಮರೆಮಾಡಿ, ಬೆಲ್ಲ ಶುಂಠಿಯ ನೀರು ಕುಡಿಸುತ್ತಿದ್ದರು. ಹೆಣ್ಣು ಉಳಿದರೆ ಹಿಂಡು ಉಳಿದ ಹಾಗೆ. ಟಗರು ಮರಿಗಳು ಹೇಗಿದ್ದರೂ ಸಂತೆಗೆ ಹೋಗುವವು, ಅವುಗಳ ಚಳಿ ಯಾರು ನೋಡಬೇಕು?

ಬಂಗಾರಪ್ಪ ಯೋಚಿಸಿ ಮಾಡಿದ್ದಲ್ಲ. ಯೋಚಿಸಿದ್ದರೆ ಎರ್ರೆಪ್ಪನಾದರೂ ನೆನಪಾಗುತ್ತಿದ್ದ. ತಾನು ಹೊದ್ದು ಬಂದಿದ್ದ ಕಂಬಳಿಯನ್ನು ಎಡಗಡೆಯ ರ‍್ಯಾಕಿನ ಮೇಲಿಂದ ಇಳಿಬಿಟ್ಟ. ಬುತ್ತಿಯ ಜೊತೆಗಿದ್ದ ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ, ಶುಂಠಿ ಜಜ್ಜಿ ಹಾಕಿ, ಒಂದೊಂದರ ಬಾಯಿಗೂ ಎರಡೆರಡು ಹನಿ ಬಿಟ್ಟ. ಬೆಳಿಗ್ಗೆ ಎಂಟಕ್ಕೆ ಬಂದು ಕಂಬಳಿ ತೆಗೆದು ಮಡಿಚಿಟ್ಟ. ಮೂರು ಸಂಜೆ ಹೀಗೇ ನಡೆಯಿತು. ಹೆಣ್ಣಿಲಿಗಳು ಚುರುಕಾದದ್ದು ನೋಡಿ ಒಳಗೊಳಗೇ ಖುಷಿಪಟ್ಟ, ಆಮೇಲೆ ಮರೆತೂಬಿಟ್ಟ. ಆರು ತಿಂಗಳಾದ ಮೇಲೆ ಅದು ಗೋಡೆಯ ಮೇಲೆ ಕೆಂಪು ಗೆರೆಯಾಗಿ ಎದ್ದು ಬರುತ್ತದೆ ಎಂದು ಅವನಿಗೇನು ಗೊತ್ತು!

ಅವನು ಖಾಲಿ ಕಪ್ಪುಗಳನ್ನು ಆರಿಸಿಕೊಳ್ಳುವಾಗ ಗೀತಾಂಜಲಿ ಇನ್ನೂ ಹೇಳುತ್ತಿದ್ದಳು.

"ಇದು ಗಟ್ಟಿ ಆದ್ರ ಸರ್, ಜ್ವರದ ಬೆನ್ನಿಗೆ ಬರೋ ಮಂಕಿಗೆ ಹೆಣ್ಮಕ್ಕಳಿಗೆ ಔಷಧ ಕಡಿಮೀನೇ ಸಾಕಾಗಬಹುದೇನೋ ಅಂತ ಮುಂದ ನೋಡಬಹುದು."

"ಗುರುವಾರ ಧಾರವಾಡದಿಂದ ತಜ್ಞರು ಬರ್ತಾರವಾ, ಅವರ ಮುಂದ ಹಿಂಗೇ ಹೇಳು. ಅವರು ಒಪ್ಪಿದ್ರ ಪ್ರಬಂಧ ಮುಗೀತು ಅಂತ ತಿಳ್ಕ" ಎಂದರು ಶಿವಯೋಗಪ್ಪನವರು. ಅವತ್ತು ಸೋಮವಾರ.

ಸಂಜೆ ಮನೆಗೆ ಬಂದವನು ಕಟ್ಟೆಯ ಮೇಲೆ ಕೂತೇ ಇದ್ದ. ಹೆಂಡತಿ ಮೈಲಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಮೈಲಿ, ಒಂದು ತಪ್ಪು ಮಾಡೀನಿ."

"ಕುಡದ್ಯಾ?"

"ಇಲ್ಲ ಮಾರಾಯ್ತಿ, ಕೇಳು ಇಲ್ಲಿ."

ಅವನು ಎಲ್ಲವನ್ನೂ ಹೇಳಿದ. ಆಕೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುತ್ತಿದ್ದರೂ ತಿರುವಲಿಲ್ಲ.

"ಆ ಕಂಬಳಿ ತಮ್ಮಗ ಕೊಟ್ಟೀನಿ ಅಂದಿದ್ದಿ."

"ಇಲಿ ವಾಸನಿ ಹತ್ತಿತ್ತು. ಅದಕ್ಕ ಸುಳ್ಳು ಹೇಳಿದ್ದೆ."

"ಇಲಿಗೆ ಹೊದಿಸ್ಯಾನಂತ, ಇಲಿಗೆ!" ಮೈಲಮ್ಮ ಹಿಟ್ಟಿನ ಕೈ ಝಾಡಿಸಿದಳು. "ಹ್ವಾದ ವರ್ಷ ಚಿಕೂನ್‌ಗುನ್ಯಾ ಬಂದು ನಾನು ಗಡಗಡ ನಡುಗುತಿದ್ನೆಲ್ಲ, ಅವಾಗ ಎಲ್ಲಿತ್ತು ನಿನ್ನ ಕಂಬಳಿ? ಎರಡು ಹನಿ ಬೆಲ್ಲದ ನೀರು ಬಿಟ್ಯಾ ನನ್ನ ಬಾಯಾಗ?"

"ನೀನು ಮೂರನೇ ದಿನಕ್ಕ ಎದ್ದು ಓಡ್ಯಾಡಿದಿ. ಆರಾಮಾತು ಅನ್ಕಂಡೆ."

"ಎದ್ದೆ. ಏಳದಿದ್ರ ಮಾಡೋರು ಯಾರಿದ್ರು? ಇವತ್ತಿಗೂ ಮುಂಜಾನಿ ಬೆರಳು ಮಡಚಾಕ ಬರಾಂಗಿಲ್ಲ. ಯಾವುದೂ ಬ್ಯಾಡ ಅನಸ್ತೈತಿ. ಅದು ನಿನಗ ಕಂಡೈತಾ?"

ಮೂವತ್ತು ವರ್ಷದಲ್ಲಿ ಆಕೆ ಹೀಗೆ ಕೇಳಿದ್ದೇ ಇಲ್ಲ. ಕೇಳಿಸಿಕೊಂಡು ಬಂಗಾರಪ್ಪನ ಮೈ ನಾಚಿಕೆಯಿಂದ ಹಿಡಿಯಾಯಿತು. ಮೈಲಮ್ಮ ಸೀದ ರೊಟ್ಟಿ ತೆಗೆದು ಪಕ್ಕಕ್ಕೆಸೆದಳು. ತಣ್ಣಗೆ ಹೇಳಿದಳು.

"ಈಗ ಆ ಹುಡುಗಿ ಏನಂತ ಬರೀತಾಳ? ಹೆಣ್ಣು ಲಗೂನ ಏಳ್ತಾವ ಅಂತ. ಅದನ್ನ ಡಾಕ್ಟ್ರುಗಳು ಓದ್ತಾರ. ನನ್ನಂತಾಕಿ ದವಾಖಾನಿಗೆ ಹೋಗಿ ಮೈಯಾಗ ಆಗವಲ್ದು ಅಂದ್ರ, ನಿಮಗೇನಾಗೈತಿ ಏಳಮ್ಮ ಅಂತಾರ. ಮೊದ್ಲೇ ಅಂತಾರ, ಇನ್ನ ಬರದದ್ದು ಸಿಕ್ರ ಕೇಳಬೇಕಾ? ಹೋಗಿ ಹೇಳು."

"ಹೇಳಿದ್ರ ಕೆಲಸ ಹೋಗತೈತಿ ಮೈಲಿ. ಎರ್ರೆಪ್ಪ ನಾಕು ಕಾಳಿಗೆ ಹ್ವಾದ."

"ಅದೂ ಖರೇ" ಎಂದಳು ಆಕೆ. ಹೇಳಬೇಡ ಎಂದು ಮಾತ್ರ ಅನ್ನಲಿಲ್ಲ.

ಮಂಗಳವಾರ ಅವನು ಗಟ್ಟಿ ಮನಸ್ಸು ಮಾಡಿಕೊಂಡೇ ಪ್ರಾಚಾರ್ಯರ ಕೋಣೆಗೆ ಹೋದ. ಬಾಯಿ ತೆರೆಯುವ ಮುಂಚೆ ಶಿವಯೋಗಪ್ಪನವರೇ ನಕ್ಕರು. "ನಿನ್ನನ್ನೇ ಕರೆಸಬೇಕು ಅಂತಿದ್ದೆ. ಗುರುವಾರ ಆಡಳಿತ ಮಂಡಳಿಯವರು ಸೇರ್ತಾರ. ನಿನ್ನ ಖಾಯಂ ಆರ್ಡರಿಗೆ ಸಹಿ ಬೀಳತೈತಿ. ಏಳು ವರ್ಷದಾಗ ನಿನ್ನ ಮ್ಯಾಲೆ ಒಂದು ಮಾತು ಬರಲಿಲ್ಲ ನೋಡಪ್ಪ. ನಾನೇ ಅವರಿಗೆ ಹೇಳೀನಿ, ಈ ಬಂಗಾರಪ್ಪ ಆ ಮಂಡಕ್ಕಿ ಎರ್ರೆಪ್ಪನಂಗ ಅಲ್ಲ ಅಂತ."

ಬಂಗಾರಪ್ಪ ಕೈ ಮುಗಿದ. ಹೇಳಲು ಬಂದದ್ದನ್ನು ಹೇಳದೆಯೇ ಹಿಂತಿರುಗಿದ. ಖಾಯಂ ಎಂದರೆ ಕೈಕಾಲು ಸೋತರೂ ಇಲಿಮನೆ ತನ್ನದು, ಯಾರೂ ಏಳು ಎನ್ನುವಂತಿಲ್ಲ. ಏಳು ವರ್ಷ ಅದಕ್ಕಾಗಿಯೇ ಕಾದಿದ್ದ. ಎರಡೇ ದಿನ ಬಾಯಿ ಮುಚ್ಚಿಕೊಂಡಿದ್ದರೆ ಆಯಿತು. ಕಂಡವರು ಯಾರೂ ಇಲ್ಲ, ಇಲಿಗಳೂ ಇಲ್ಲ. ಹೊರಗೆ ಬಂದು ನಲ್ಲಿಯ ಕೆಳಗೆ ತಲೆ ಒಡ್ಡಿ ನಿಂತ.

ಬುಧವಾರ ಗೀತಾಂಜಲಿ ಓಡುತ್ತ ಬಂದಳು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ. "ಮಲ್ಲಿಗಿ, ನಮ್ಮ ತ್ವಾಟದ್ದು. ಮೈಲಮ್ಮಾರಿಗೆ ಕೊಡ್ರಿ. ಮತ್ತ ಇದನ್ನ ನೋಡ್ರಿ, ಪ್ರಬಂಧದ ಮೊದಲನೇ ಹಾಳಿ." ಓದಲು ಅವನಿಗೆ ತಡವಾಗುತ್ತದೆಂದು ತಾನೇ ಓದಿದಳು: ಪ್ರಾಣಿಗಳನ್ನು ಸ್ವಂತ ಮಕ್ಕಳಂತೆ, ಯಾವ ಭೇದವೂ ಇಲ್ಲದೆ ನೋಡಿಕೊಂಡ ಶ್ರೀ ಬಂಗಾರಪ್ಪನವರಿಗೆ ನಾನು ಋಣಿ.

"ತಾಯಿ..." ಎಂದ ಅವನು.

"ಏನು ಹೇಳ್ರಿ."

"ಏನಿಲ್ಲ. ಹೆಸರು ಬ್ಯಾಡಾಗಿತ್ತು."

"ಸುಮ್ಕಿರ್ರಿ ಅತ್ಲಾಗ! ನೀವಿಲ್ದಿದ್ರ ನನ್ನ ಕೆಲಸ ಎಲ್ಲಿ ಆಗ್ತಿತ್ತು?" ಹುಡುಗಿ ನಗುತ್ತ ಹೊರಟುಹೋದಳು. ಯಾವ ಭೇದವೂ ಇಲ್ಲದೆ ಎಂಬ ಮಾತು ಅವನ ಕಿವಿಯಲ್ಲಿ ಸಂಜೆಯ ತನಕ ಗುಂಯ್‌ಗುಟ್ಟಿತು. ಥೂ ನಿನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಬೈದುಕೊಂಡ.

ಗುರುವಾರ ಹನ್ನೊಂದಕ್ಕೆ ಧಾರವಾಡದ ಡಾಕ್ಟರ್ ಪುಷ್ಪಲತಾ ಬಂದರು. ದಪ್ಪ ಅಂಚಿನ ಹತ್ತಿ ಸೀರೆ, ಕನ್ನಡಕ ಹಣೆಯ ಮೇಲೆ. ಮಾತು ಕಡಿಮೆ. ಗೀತಾಂಜಲಿ ಗೆರೆಗಳನ್ನು ತೋರಿಸಿದಳು, ಸಕ್ಕರೆ ನೀರಿನ ಲೆಕ್ಕ ತೋರಿಸಿದಳು, ಮೆದುಳಿನ ರಸದ ಅಳತೆ ತೋರಿಸಿದಳು. ಆಡಳಿತ ಮಂಡಳಿಯ ಮೂವರು ಅರ್ಥವಾದವರಂತೆ ತಲೆ ಆಡಿಸುತ್ತಿದ್ದರು. ಬಂಗಾರಪ್ಪ ಬಾಗಿಲ ಪಕ್ಕ ನಿಂತಿದ್ದ. ಅವನ ಆರ್ಡರಿನ ಹಾಳೆ ಶಿವಯೋಗಪ್ಪನವರ ಮುಂದಿನ ಕಡತದಲ್ಲಿತ್ತು.

"ವ್ಯತ್ಯಾಸ ಬಹಳ ದೊಡ್ಡದಾತು" ಎಂದರು ಪುಷ್ಪಲತಾ. "ಇಷ್ಟು ದೊಡ್ಡದು ನಾ ಎಲ್ಲೂ ನೋಡಿಲ್ಲ. ಒಂದು ಕೇಳ್ತೀನಿ. ಹೆಣ್ಣು ಎಡಕ್ಕ, ಗಂಡು ಬಲಕ್ಕ ಇಟ್ಟೀರಿ. ಗಾಳಿ, ಬೆಳಕು, ಬಿಸಿ, ಊಟ, ಎಲ್ಲಾ ಎರಡೂ ಕಡೆ ಒಂದೇ ಇತ್ತೇನು?"

"ಒಂದೇ ಇತ್ತು ಮೇಡಂ."

"ನೀವು ಮನೆಗೆ ಹೋದ ಮ್ಯಾಲೂ?"

"ಬಂಗಾರಪ್ಪಣ್ಣ ಇದ್ದರು ಮೇಡಂ. ಅವರ ಮ್ಯಾಲೆ ಬೇಕಾದ್ರ ನಾನು ಆಣಿ ಮಾಡ್ತೀನಿ."

ಪುಷ್ಪಲತಾ ಕನ್ನಡಕ ಕಣ್ಣಿಗಿಳಿಸಿ ಬಾಗಿಲ ಕಡೆ ನೋಡಿದರು. "ಅವರೇ ಏನು? ಬರ್ರಿ ಮುಂದ. ಎರಡೂ ಕಡೆ ಒಂದೇ ರೀತಿ ನೋಡಿಕೊಂಡೀರಾ?"

ಹೌದ್ರಿ ಎಂದರೆ ಮುಗಿಯಿತು. ಒಂದೇ ಒಂದು ಮಾತು. ಶಿವಯೋಗಪ್ಪನವರು ಹೇಳು ಹೇಳು ಎಂಬಂತೆ ಕಣ್ಣಲ್ಲೇ ಸನ್ನೆ ಮಾಡಿದರು. ಗೀತಾಂಜಲಿ ಮುಗುಳ್ನಗುತ್ತಿದ್ದಳು, ಆ ನಗುವಿನಲ್ಲಿ ಒಂದು ಕಾಳಿನಷ್ಟೂ ಅನುಮಾನ ಇರಲಿಲ್ಲ. ಮೈಲಮ್ಮನ ಬೆರಳುಗಳು ಬಂಗಾರಪ್ಪನ ಕಣ್ಣ ಮುಂದೆ ಬಂದವು.

"ಇಲ್ಲರಿ" ಎಂದ.

"ಏನಂದಿ?" ಶಿವಯೋಗಪ್ಪನವರು ಮುಂದಕ್ಕೆ ಬಾಗಿದರು.

"ಒಂದೇ ತರ ನೋಡಿಲ್ರಿ. ಹೆಣ್ಣು ಇಲಿಗೆ ನಾನು ಕಂಬಳಿ ಹೊದಿಸಿದ್ದೆ. ಮೂರು ದಿನ, ಸಂಜಿಯಿಂದ ಮುಂಜಾನಿ ಮಟ. ಬೆಲ್ಲದ ನೀರೂ ಕುಡಿಸೀನಿ. ಗಂಡಿಗೆ ಏನೂ ಮಾಡಿಲ್ಲ. ಗೀತಾ ಮೇಡಂಗೆ ಇದು ಗೊತ್ತಿಲ್ಲ, ಅವರದೇನೂ ತಪ್ಪಿಲ್ರಿ. ಎಲ್ಲಾ ನಂದು."

ಗೀತಾಂಜಲಿ ಮೇಜಿನ ಅಂಚು ಹಿಡಿದುಕೊಂಡಳು. ಬೆಲ್ಲದ ನೀರು ಎಂಬುದು ಅವಳ ತಲೆಗೆ ಇಳಿಯುವುದು ಬಂಗಾರಪ್ಪನಿಗೆ ಕಾಣುತ್ತಿತ್ತು. ಸಿಹಿ ಮೊದಲೇ ನಾಲಿಗೆಗೆ ಹತ್ತಿದ ಇಲಿಗಳು ಸಕ್ಕರೆ ನೀರಿನ ಕಡೆ ಹೋಗದೆ ಇರುತ್ತವೆಯೇ? ಬೆಚ್ಚಗಿದ್ದವು ಚುರುಕಾಗದೆ ಇರುತ್ತವೆಯೇ? ಮೂರು ವರ್ಷದ ಓದು, ನಲವತ್ತೆಂಟು ಜೀವ, ಎಲ್ಲಾ ನೀರಿಗೆ ಹೋದ ಹಾಗಾಯಿತು. ಅವಳು ಹೊರಗೆ ಹೋದಳು.

"ಹಿಂಗ ಅಚ್ಚಾಗಿದ್ರ ಎಷ್ಟು ಮಂದಿ ಇದರ ಮ್ಯಾಲೆ ಕಟ್ಕೋತ ಹೋಗ್ತಿದ್ರು" ಎಂದರು ಪುಷ್ಪಲತಾ, ಹಾಳೆಗಳನ್ನು ಒಟ್ಟುಮಾಡುತ್ತ. "ಮತ್ತೊಮ್ಮೆ ಮಾಡ್ರಿ. ಪ್ರಾಣಿ ಪ್ರಯೋಗದ ಸಮಿತಿಗೆ ಹೊಸದಾಗಿ ಅನುಮತಿ ಕೇಳ್ರಿ. ಇದು ನಡೀದು."

ಶಿವಯೋಗಪ್ಪನವರ ಮುಖ ಕೆಂಡವಾಗಿತ್ತು. ಬೈಯಲಿಲ್ಲ. ಬೈದಿದ್ದರೆ ಬಂಗಾರಪ್ಪನಿಗೆ ಹಗುರಾಗುತ್ತಿತ್ತು. ಅಂಗೈ ಚಾಚಿದರು ಅಷ್ಟೇ. ಬಂಗಾರಪ್ಪ ಉಡಿದಾರದ ಗಂಟು ಬಿಚ್ಚಲು ಹೋದ, ಏಳು ವರ್ಷದ ಗಂಟು ಬಿಚ್ಚಿಕೊಳ್ಳಲಿಲ್ಲ. ಕೊನೆಗೆ ಹರಿದೇ ಕೊಟ್ಟ. ಆರ್ಡರಿನ ಹಾಳೆ ಕಡತದಿಂದ ಹೊರಗೆ ಬರಲೇ ಇಲ್ಲ.

ಇಲಿಮನೆಯ ಮೆಟ್ಟಿಲ ಮೇಲೆ ಗೀತಾಂಜಲಿ ಕೂತಿದ್ದಳು. ಅತ್ತು ಮೂಗು ಕೆಂಪಾಗಿತ್ತು. ಬಂಗಾರಪ್ಪ ನಾಲ್ಕು ಮಾರು ದೂರದಲ್ಲಿ ನಿಂತ. ಹತ್ತಿರ ಹೋಗುವ ಮುಖ ಇರಲಿಲ್ಲ.

"ಆರು ತಿಂಗಳು ಬಾಯಿ ಮುಚ್ಕಂಡು ಕುಂತ್ರಲ್ಲ!" ಅವಳು ಚೀರಿದಳು. "ಒಂದು ಸಲ, ಒಂದೇ ಒಂದು ಸಲ ನನಗ ಹೇಳಬಾರದಾ? ನಿನ್ನೆ ನಾನು ನಿಮ್ಮ ಹೆಸರು ಓದಿದ್ನೆಲ್ಲ, ಅವಾಗರ?"

"ಮೊದ್ಲು ಅದು ತಪ್ಪು ಅಂತನೇ ಗೊತ್ತಿರಲಿಲ್ಲ ತಾಯಿ. ಗೊತ್ತಾದ ಮ್ಯಾಲೆ ಅಂಜಿದೆ."

ಅವಳು ಕಣ್ಣು ಒರೆಸಿಕೊಂಡಳು. ಕೇಳಿದಳು. "ಹೆಣ್ಣಿಗೆ ಯಾಕ ಹೊದಿಸಿದ್ರಿ?"

"ನಡುಗತಿದ್ವು. ಕುರಿ ಮಂದಿ ನಾವು. ಹೆಣ್ಣು ಉಳಿಸಿಕೊಳ್ಳೋದು, ಟಗರು ಮಾರೋದು. ಕೈ ತಾನೇ ಆ ಕಡೆ ಹೋತು."

"ಬಲಗಡಿನೂ ನಡುಗತಿದ್ವಲ್ಲ. ನಿಮ್ಮ ಬೆನ್ನ ಹಿಂದೇ ಇದ್ವು. ನಿಮ್ಮ ಕಣ್ಣಿಗೆ ಕಾಣಲಿಲ್ಲಾ?"

ತಾನು ಮಾಡಿದ್ದು ತಪ್ಪಾದರೂ ಕರುಣೆಯ ತಪ್ಪು ಎಂದು ಬಂಗಾರಪ್ಪ ಈ ಮೂರು ದಿನ ಒಳಗೊಂದು ಸಮಾಧಾನ ಇಟ್ಟುಕೊಂಡಿದ್ದ. ಈ ಹುಡುಗಿ ಅದನ್ನೂ ಕಿತ್ತುಕೊಂಡಳು.

"ಕಂಡಿದ್ವು ತಾಯಿ" ಎಂದ. "ನೋಡಲಿಲ್ಲ."

ಗೀತಾಂಜಲಿ ಎದ್ದು ಪ್ರಾಚಾರ್ಯರ ಕೋಣೆಗೆ ಹೋದಳು. ಅರ್ಧ ಗಂಟೆ ಒಳಗಿನಿಂದ ದೊಡ್ಡ ದನಿಗಳು ಕೇಳಿದವು. ಹೊರಗೆ ಬಂದವಳು ಅವನ ಮುಖ ನೋಡದೆ ಬೀಗದ ಕೈ ಚಾಚಿದಳು. "ನಿಮ್ಮ ಮ್ಯಾಲಿನ ಕಳಕಳಿಗೆ ಅಲ್ಲ ಇದು. ಈ ಇಲಿಗಳ ಸಂತತಿಗೆ ನಿಮ್ಮ ಕೈ ರೂಢಿ ಆಗೈತಿ. ಹೊಸಾ ಕೈ ಬಂದ್ರ ಅಂಜತಾವ, ಅಂಜಿಕಿಗೇ ಮೆದುಳಿನ ರಸ ಏರುಪ್ಯಾರ ಆಗತೈತಿ. ಮತ್ತೊಂದು ತಕರಾರು ನನಗ ಬ್ಯಾಡ. ಕೆಲಸ ಮುಗಿಯೋ ಮಟ ಇರ್ರಿ. ಆಮ್ಯಾಲಿಂದು ಸರ್ ಇಷ್ಟ."

ಹೊಸ ಅನುಮತಿ ಬಂದು, ಮರಿಗಳು ಬೆಳೆದು ತೂಕಕ್ಕೆ ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಈ ಸಲ ಗೀತಾಂಜಲಿ ಪೆಟ್ಟಿಗೆಗಳನ್ನು ಕಲಸಿ ಇಟ್ಟಿದ್ದಳು, ಎರಡೂ ರ‍್ಯಾಕಿನಲ್ಲಿ ಹೆಣ್ಣೂ ಇದ್ದವು ಗಂಡೂ ಇದ್ದವು. ಪೆಟ್ಟಿಗೆಯ ಮೇಲೆ ನಂಬರು ಮಾತ್ರ. ಸೂಜಿ ಬಿದ್ದ ಮೇಲೆ ಬಂಗಾರಪ್ಪ ಮುಟ್ಟುವಂತಿರಲಿಲ್ಲ, ಕೂತು ನೋಡಿ ಹೇಳಬೇಕು. ಅವಳು ಬರೆದುಕೊಳ್ಳುತ್ತಾಳೆ.

ಎರಡನೇ ದಿನ ಮಧ್ಯಾಹ್ನ ಮೂರರ ಹೊತ್ತು, ಹೋದ ಸಲ ಹೆಣ್ಣಿಲಿಗಳು ಚೇತರಿಸಿಕೊಂಡಿದ್ದ ಹೊತ್ತು. ಅವನು ಸ್ಟೂಲಿನ ಮೇಲೆ ಕೂತಿದ್ದ. ಎದುರಿಗೆ ಹನ್ನೊಂದನೇ ಪೆಟ್ಟಿಗೆಯ ಹೆಣ್ಣಿಲಿ ಕೂದಲು ನಿಮಿರಿಸಿಕೊಂಡು ನಡುಗುತ್ತಿತ್ತು. ಅವನ ಗುರುತು ಹಿಡಿದು, ತೆವಳಿಕೊಂಡು ಕಂಬಿಯ ಹತ್ತಿರ ಬಂದು ಮೂಗು ಚಾಚಿತು. ಬಂಗಾರಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂತ. ಹಣೆಯಲ್ಲಿ ಆ ಎ.ಸಿ.ಯಲ್ಲೂ ಬೆವರು ಬಂತು.

ಗೀತಾಂಜಲಿ ಅದನ್ನು ನೋಡಿದಳು. "ಆಗದಿದ್ರ ಹೊರಗ ಹೋಗ್ರಿ ಬಂಗಾರಪ್ಪಣ್ಣ. ನಾನು ನೋಡ್ಕಂತೀನಿ." ನಾಲ್ಕು ತಿಂಗಳ ಮೇಲೆ ಅಣ್ಣ ಎಂದಿದ್ದಳು.

"ಬ್ಯಾಡ ತಾಯಿ. ಹ್ವಾದ ಸಲ ನಾನು ಏನು ಮಾಡಿದೆ ಅಂತ ಯಾರೂ ನೋಡಲಿಲ್ಲ. ಈ ಸಲ ಏನೂ ಮಾಡಲಿಲ್ಲ ಅಂತನಾದ್ರೂ ಯಾರರ ನೋಡಬೇಕು."

ಅವನು ಎದ್ದ. ಮೊಣಕಾಲು ಹಿಡಿದುಕೊಂಡು ಮೊದಲ ಪೆಟ್ಟಿಗೆಯ ಮುಂದೆ ಬಗ್ಗಿದ. ಅದು ಗಂಡಿಲಿ. ಮೂಲೆಗೆ ಒತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ, ಹೊಟ್ಟಿನೊಳಗೆ ಮುಖ ತುರುಕಿ ನಡುಗುತ್ತಿತ್ತು. ಏಳು ವರ್ಷ ಗಂಡಿಲಿಗಳನ್ನು ತೂಕಕ್ಕೆ ಎತ್ತಿ ಇಳಿಸಿದ್ದ, ಒಂದರ ಮುಖವನ್ನೂ ಹೀಗೆ ನೋಡಿರಲಿಲ್ಲ. ಎರಡನೆಯದಕ್ಕೆ ಹೋದ. ಮೂರನೆಯದಕ್ಕೆ ಹೋದ. ಹೆಣ್ಣು, ಗಂಡು, ಗಂಡು, ಹೆಣ್ಣು. ಎರಡೂ ರ‍್ಯಾಕು ಮುಗಿಸಿದ.

"ಹೆಂಗದಾವ?" ಕೇಳಿದಳು ಗೀತಾಂಜಲಿ. ದನಿ ಸಣ್ಣಗಾಗಿತ್ತು. ವ್ಯತ್ಯಾಸ ಐತಿ ಎಂಬ ಒಂದು ಮಾತಿನ ಮೇಲೆ ಅವಳ ಮೂರು ವರ್ಷ ನಿಂತಿತ್ತು, ಅದು ಅವನಿಗೂ ಗೊತ್ತಿತ್ತು.

"ಸೂಜಿ ಬಿದ್ದವು ಎಲ್ಲಾ ಒಂದೇ ತರ ನಡುಗತಾವ ತಾಯಿ."

ಅವಳ ಪೆನ್ನು ನಿಂತಿತು. "ಮತ್ತೊಂದು ಸಲ ನೋಡ್ರಿ."

ಬಂಗಾರಪ್ಪ ಮತ್ತೆ ಮೊದಲಿನಿಂದ ಶುರುಮಾಡಿದ. ಪ್ರತಿ ಪೆಟ್ಟಿಗೆಯ ಮುಂದೆಯೂ ನಿಂತ, ಒಂದರ ಮುಂದೆ ಎಷ್ಟು ಹೊತ್ತೋ ಇನ್ನೊಂದರ ಮುಂದೆಯೂ ಅಷ್ಟೇ ಹೊತ್ತು. ಕೊನೆಯದನ್ನು ನೋಡಿ ತಿರುಗಿದ.

"ಒಂದೇ ತರ ಐತ್ರಿ."

ಗೀತಾಂಜಲಿ ಗಡಿಯಾರ ನೋಡಿದಳು. ಮೂರೂ ಇಪ್ಪತ್ತು ಎಂದು ಬರೆದಳು. ಅದರ ಮುಂದೆ ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡಳು.